ಎಲ್ಲಿ ಹಿಡೀತಿದೆ, ಹೇಳಿ

ಕೈಗವಸಿನವನು ಬಂದಾಗ ಟೈಲರಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿತ್ತು. ಮೂರನೆಯ ಸಲಕ್ಕೆಂದು ದಾರದ ತುದಿಯನ್ನು ನಾಲಗೆಗೆ ತಾಗಿಸುವಷ್ಟರಲ್ಲಿ ಮೇಜಿನ ಮೇಲೆ ನೆರಳು ಬಿತ್ತು. ಅವನು ಎಂದಿನಂತೆ ಹೊಸ್ತಿಲ ಹೊರಗೆ ನಿಂತು ಬೂಟುಗಳನ್ನು ಗೋಣಿತಾಟಿಗೆ ಒರೆಸಿಕೊಳ್ಳುತ್ತಿದ್ದ, ಎಡಗಾಲು ಮೂರು ಸಲ, ಬಲಗಾಲು ಮೂರು ಸಲ. ಬೂಟಿನಲ್ಲಿ ಧೂಳೇ ಇರಲಿಲ್ಲ.

“ನಿಧಾನ ಅಮ್ಮ, ನಿಧಾನ. ಇಲ್ಲಿ ಕೊಡಿ,” ಎಂದು ಒಳಗೆ ಬಂದು ಸೂಜಿ ತೆಗೆದುಕೊಂಡ. ಬಿಳಿ ಕೈಗವಸು ಬಿಚ್ಚದೆಯೇ ಒಂದೇ ಸಲಕ್ಕೆ ಪೋಣಿಸಿ, ತುದಿಗೆ ಗಂಟು ಹಾಕಿ, ಸೂಜಿಯನ್ನು ಮೇಜಿನ ಮೇಲಿನ ಪುಟ್ಟ ಸೂಜಿದಿಂಬಿಗೆ ಚುಚ್ಚಿಟ್ಟ. ಆಮೇಲೆ ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಪುಟ್ಟದೊಂದು ಸೀಸೆ ತೆಗೆದ. “ಇದು ನಿಮ್ಮ ಕಣ್ಣಿಗೆ. ಹೋದ ಸಲ ಬಂದಾಗ ಉಜ್ಜಿಕೊಳ್ತಿದ್ರಿ. ನೆನಪಿತ್ತು.”

ಹೋದ ಸಲ ಎಂದರೆ ಐದು ವರ್ಷದ ಹಿಂದೆ.

ಬೀದಿಯ ಕೊನೆಯಲ್ಲಿ, ಎತ್ತರದ ಗೋಡೆಯ ಹಿಂದೆ, ಅತಿಥಿಗೃಹವಿತ್ತು. ಹೆಸರಿಗೆ ಸರಕಾರದ್ದು; ಇಳಿದುಕೊಳ್ಳುತ್ತಿದ್ದವರು ಹೊರದೇಶದ ಸಲಹೆಗಾರರು. ಒಂದು ಕಾಲಕ್ಕೆ ಕಡಲಾಚೆಯವರ ಕಾರುಗಳು ಒಳಗೆ ಹೋಗುತ್ತಿದ್ದವು, ಇನ್ನೊಂದು ಕಾಲಕ್ಕೆ ಗಡಿಯಾಚೆಯ ದೊಡ್ಡ ನೆರೆಯವರವು. ಗೇಟಿನ ಮೇಲಿನ ಬಾವುಟ ಬದಲಾಗುತ್ತಿತ್ತು; ಅಲ್ಲಿಯ ಮೇಲ್ವಿಚಾರಕನಾದ ಈ ಕೈಗವಸಿನವನು ಮಾತ್ರ ಬದಲಾಗುತ್ತಿರಲಿಲ್ಲ. ಪ್ರತಿ ಚುನಾವಣೆಗೆ ನಲವತ್ತು ದಿನ ಮುಂಚೆ ಅವನು ಒಂದು ಗಂಟು ತರುತ್ತಿದ್ದ. ಅದರಲ್ಲಿ ಕತ್ತರಿಸಿಟ್ಟ ಕೋಟಿನ ತುಂಡುಗಳು, ಜೊತೆಗೆ ಅಳತೆಯ ಚೀಟಿ. ಟೈಲರಕ್ಕ ಕತ್ತರಿ ಮುಟ್ಟುವಂತಿಲ್ಲ, ಕೂಡಿಸಿ ಹೊಲಿದರೆ ಸಾಕು. ಮುಗಿದ ಕೋಟನ್ನು ಅವನೇ ಬಂದು ಒಯ್ಯುತ್ತಿದ್ದ. ಗೆದ್ದು ಗದ್ದುಗೆ ಏರುವವನು ಪ್ರಮಾಣವಚನದ ದಿನ ಅದನ್ನು ತೊಟ್ಟಿರುತ್ತಿದ್ದ.

ಮೂರು ಚುನಾವಣೆಗೆ ಮೂರು ಕೋಟು ಹೊಲಿದುಕೊಟ್ಟಿದ್ದಳು. ಮೊದಲನೆಯದು ತಿಳಿ ಬೂದು ಬಣ್ಣದ್ದು, ಎರಡನೆಯದು ನೀಲಿ, ಮೂರನೆಯದು ಕಡುಗಂದು. ಯಾರಿಗೆ ಎಂದು ಕೇಳಿರಲಿಲ್ಲ. ಓಟು ಬೀಳುವ ಮುಂಚೆಯೇ ಗೆದ್ದವನ ಅಳತೆ ಇವರಿಗೆ ಸಿಗುವುದು ಹೇಗೆ ಎಂದು ಒಮ್ಮೆ ಅನ್ನಿಸಿದ್ದುಂಟು. ದೊಡ್ಡವರು, ಅಂದಾಜು ಮಾಡುತ್ತಾರೇನೋ ಎಂದು ಸುಮ್ಮನಾಗಿದ್ದಳು.

“ಈ ಸಲ ಒಳಗಡೆ ಬಟ್ಟೆ ಬಿಡೋಕೆ ಜಾಗ ಇಲ್ಲಮ್ಮ,” ಅಂದ ಕೈಗವಸಿನವನು, ಅದೇನೋ ತನ್ನದೇ ತಪ್ಪು ಅನ್ನುವ ಹಾಗೆ. “ಅಂಚಿಗೆ ಅಂಚು ಕೂಡಿಸಿ ಹೊಲೀಬೇಕು. ಓಟಿಗೆ ಮೂರು ದಿನ ಇರೋವಾಗ ಬರ್ತೀನಿ.”

ಹೋಗುವಾಗಲೂ ಬೂಟು ಒರೆಸಿಕೊಂಡ. ಬರುವಾಗ ಒರೆಸಿಕೊಳ್ಳುವವರನ್ನು ಟೈಲರಕ್ಕ ಬೇಕಾದಷ್ಟು ಕಂಡಿದ್ದಳು. ಹೋಗುವಾಗ ಒರೆಸಿಕೊಳ್ಳುತ್ತಿದ್ದವನು ಇವನೊಬ್ಬನೇ.

“ಹೋಯ್ತಾ ಆ ಮರ್ಯಾದೆಯ ಮೂಟೆ?” ಕಿಟಕಿಯ ಹತ್ತಿರದ ಇಸ್ತ್ರಿ ಮೇಜಿನಿಂದ ಕೆಂಡಮ್ಮ ಕೇಳಿದಳು. ಕೆಂಡದ ಇಸ್ತ್ರಿ ಪೆಟ್ಟಿಗೆಯ ಹಿಂದೆ ಇಪ್ಪತ್ತು ವರ್ಷ ನಿಂತವಳು. ಆ ಹೆಸರು ಪೆಟ್ಟಿಗೆಯಿಂದ ಬಂತೋ ನಾಲಗೆಯಿಂದ ಬಂತೋ ಬೀದಿಯವರಿಗೇ ಗೊತ್ತಿರಲಿಲ್ಲ. “ನನ್ನ ಗಂಡ ಒಂದು ದಿನ ಇಷ್ಟು ನಯವಾಗಿ ಮಾತಾಡಿದ್ರೆ ಅವತ್ತೇ ಮನೆಯಲ್ಲಿ ಏನು ಕಾಣೆಯಾಗಿದೆ ಅಂತ ಹುಡುಕ್ತಿದ್ದೆ.”

ಟೈಲರಕ್ಕ ನಗಲಿಲ್ಲ. ಚೀಟಿ ಓದುತ್ತಿದ್ದಳು. ಎದೆ ಮೂವತ್ತಾರು. ಕುತ್ತಿಗೆ ಹದಿನಾಲ್ಕು. ತೋಳು ಇಪ್ಪತ್ತಮೂರು. ಕೊನೆಯ ಸಾಲಿನಲ್ಲಿ, ಅದೇ ಮುದ್ದಾದ ಅಕ್ಷರದಲ್ಲಿ: ಎಡ ಹೆಗಲು ಅರ್ಧ ಇಂಚು ಕೆಳಗೆ.

ಅವಳು ಎದ್ದು ಗೋಡೆಯ ಬೀರುವಿನಿಂದ ಅಳತೆ ಪುಸ್ತಕ ತೆಗೆದಳು. ಅದು ಅಪ್ಪನ ಕಾಲದ್ದು. ಅದರಲ್ಲಿ ಒಂದು ಪುಟ ಅವಳ ತಮ್ಮನದು. ಅಮ್ಮ ಹೋದಾಗ ಅವನಿಗೆ ಎರಡು ವರ್ಷ, ಇವಳಿಗೆ ಹದಿನೆಂಟು. ಅಂದಿನಿಂದ ಪ್ರತಿ ವರ್ಷ ಶಾಲೆ ತೆರೆಯುವ ವಾರ ಅವನನ್ನು ನಿಲ್ಲಿಸಿ ಟೇಪು ಹಿಡಿದು ಬರೆಯುತ್ತ ಬಂದಿದ್ದಳು. ಶಾಲೆಗೆ ಹೋಗುವ ಹುಡುಗನಾಗಿದ್ದವನು ಆಮೇಲೆ ಶಾಲೆಯಲ್ಲಿ ಇತಿಹಾಸ ಹೇಳುವ ಮೇಷ್ಟರಾದರೂ ಆ ವಾರ ತಪ್ಪಿರಲಿಲ್ಲ. ಎಂಟನೆಯ ವಯಸ್ಸಿನ ಸಾಲಿನ ಮುಂದೆ ಅಪ್ಪನ ಕೈಬರಹವಿತ್ತು: ‘ಗೋಡೆಯಿಂದ ಬಿದ್ದ. ಎಡ ಹೆಗಲು ಅರ್ಧ ಇಂಚು ಕೆಳಗೆ. ಒಳಗೆ ಪಟ್ಟಿ ಇಡಬೇಕು. ಯಾರಿಗೂ ಗೊತ್ತಾಗಬಾರದು.’

ಯಾರಿಗೂ ಗೊತ್ತಾಗಿರಲಿಲ್ಲ. ಅವನ ಹೆಂಡತಿಗೂ ಗೊತ್ತಿತ್ತೋ ಇಲ್ಲವೋ. ಈ ವರ್ಷ ಅವನು ಮೇಷ್ಟರ ಕೆಲಸ ಬಿಟ್ಟು ಚುನಾವಣೆಗೆ ನಿಂತಿದ್ದ.

“ಎಡ ಹೆಗಲು ಇಳಿದವನು ಊರಿಗೆ ಇವನೊಬ್ಬನೇನಾ?” ಟೈಲರಕ್ಕ ತನಗೆ ತಾನೇ ಎಂಬಂತೆ ಹೇಳಿದಳು. “ಎದೆ ನೋಡು, ಮೂವತ್ತಾರು. ಇವನದು ನಲವತ್ತು. ಇವನದಲ್ಲ ಇದು.”

“ಅಲ್ಲ ಅಂದ್ಮೇಲೆ ಕೈ ಯಾಕಕ್ಕಾ ನಡುಗುತ್ತೆ?” ಅಂದಳು ಕೆಂಡಮ್ಮ. ಆಮೇಲೆ ಪೆಟ್ಟಿಗೆಯನ್ನು ಬದಿಗಿಟ್ಟು, ಬಂದು, ಟೈಲರಕ್ಕನ ಎರಡು ಕೈಗಳನ್ನೂ ತನ್ನ ಬೆಚ್ಚನೆಯ ಅಂಗೈಗಳ ನಡುವೆ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಮಾತಿನಲ್ಲಿ ಸುಡುವವರು ಕೆಲವರು ಕೈಯಲ್ಲಿ ಹೀಗಿರುತ್ತಾರೆ.

ಮಾರನೆಯ ದಿನ ಬಟ್ಟೆಯನ್ನು ಹದ ಮಾಡಲು ಕೂತರು. ಈ ಸಲದ್ದು ಕಪ್ಪು ಬಟ್ಟೆ, ಒಳ್ಳೆಯ ಉಣ್ಣೆ. ಕೆಂಡಮ್ಮ ಒದ್ದೆ ಅರಿವೆ ಹಾಸಿ ಎದೆಯ ತುಂಡಿನ ಮೇಲೆ ಪೆಟ್ಟಿಗೆ ಎಳೆದಳು. ಆವಿ ಎದ್ದಿತು. ಅರಿವೆ ತೆಗೆದಾಗ ಇಬ್ಬರೂ ಬಾಗಿ ನೋಡಿದರು.

ಕಪ್ಪಿನ ಮೇಲೆ ಗುಂಡಿಯ ಕಾಜಾಗಳ ಗುರುತು ಎದ್ದಿತ್ತು. ಎಳೆಗೆ ಎಳೆ ಕೂಡಿಸಿ, ಕಣ್ಣಿಗೆ ಕಾಣದಂತೆ ಮುಚ್ಚಿದ ಹಳೆಯ ಕಾಜಾಗಳು. ಒಂದು ಸಾಲಲ್ಲ. ಅಂಚಿನ ಹತ್ತಿರ ಒಂದು ಸಾಲು, ಒಂದು ಬೆರಳು ಒಳಗೆ ಇನ್ನೊಂದು, ಅದರಿಂದ ಒಳಗೆ ಮತ್ತೊಂದು. ಮುಚ್ಚಿದ ಕಣ್ಣುಗಳ ಹಾಗೆ ಸಾಲಾಗಿ ಮಲಗಿದ್ದವು.

ಟೈಲರಕ್ಕ ತುಂಡನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಒಂದು ಕಾಜಾದ ಮೂಲೆಯಲ್ಲಿ ಬೂದು ದಾರದ ಚೂರೊಂದು ಉಳಿದಿತ್ತು. ಸೂಜಿಯ ತುದಿಯಿಂದ ಎಬ್ಬಿಸಿದಳು. ಮೂಲೆಯಲ್ಲಿ ಎರಡು ಸುತ್ತು ಸುತ್ತಿ ಹಿಂದಕ್ಕೆ ಕೊಕ್ಕೆ ಹಾಕಿದ ಹೊಲಿಗೆ. ಹಾಗೆ ಹಾಕುತ್ತಿದ್ದವರು ಅಪ್ಪ ಮತ್ತು ಅವರಿಂದ ಕಲಿತ ಅವಳು ಮಾತ್ರ.

“ಇದು ನನ್ನ ಕೈ,” ಅಂದಳು.

“ಏನು?”

“ಇದು ಬೇರೆ ಕೋಟಲ್ಲ ಕಣೇ. ಅದೇ. ಬೂದು, ನೀಲಿ, ಕಂದು, ಎಲ್ಲಾ ಇದೇ. ಬಿಚ್ಚುತ್ತಾರೆ, ಅಂಚು ಸವರುತ್ತಾರೆ, ಬಣ್ಣ ಹಾಕುತ್ತಾರೆ, ಮತ್ತೆ ನನಗೇ ಕೊಡ್ತಾರೆ.”

  ಟೈಲರಕ್ಕ ಪುಸ್ತಕದ ಹಿಂಪುಟದಲ್ಲಿ ಹಳೆಯ ಮೂರು ಚೀಟಿಗಳ ಅಳತೆ ಹುಡುಕಿದಳು. ನಲವತ್ತೆರಡು, ನಲವತ್ತು, ಮೂವತ್ತೆಂಟು. ಒಂದೊಂದು ಸಲ ಬಿಚ್ಚಿ ಸವರಿದಾಗ ಬಟ್ಟೆ ಎರಡಿಂಚು ಕಳೆದುಕೊಂಡಿತ್ತು. ಹಾಗಾದರೆ, ಹೆಗಲಿನ ಆ ಒಂದು ಸಾಲು ಬಿಟ್ಟರೆ, ಚೀಟಿ ಯಾವ ಮನುಷ್ಯನದೂ ಆಗಿರಲಿಲ್ಲ. ಉಳಿದ ಬಟ್ಟೆಯ ಅಳತೆ ಅದು. ಗೆದ್ದವರಲ್ಲಿ ಮೊದಲನೆಯವನು ಬಾಗಿಲು ತುಂಬುವಂಥ ಆಳು, ಮಾತಿಗೆ ಮೊದಲು ನಗುತ್ತಿದ್ದ. ಪ್ರಮಾಣವಚನದ ಹೊತ್ತಿಗೆ ಚಪ್ಪಟೆಯಾಗಿ ಕಂಡಿದ್ದ. ಓಡಾಟ, ನಿದ್ದೆ ಕಡಿಮೆ ಎಂದಿದ್ದರು ಜನ. ಎರಡನೆಯವನಿಗೂ ಹಾಗೇ ಎಂದಿದ್ದರು. ಮೂರನೆಯವನಿಗೆ ಏನೂ ಎನ್ನಲಿಲ್ಲ, ಅಷ್ಟು ಹೊತ್ತಿಗೆ ಎಲ್ಲರಿಗೂ ಅಭ್ಯಾಸವಾಗಿತ್ತು.

ಕೋಟನ್ನು ಮನುಷ್ಯನಿಗೆ ಹೊಲಿಯುತ್ತಿರಲಿಲ್ಲ. ಕೋಟು ಸಿದ್ಧವಿತ್ತು.

ಹೊಲಿಗೆಗೆಂದು ಬೆರಳಿಗೆ ಹಾಕಿಕೊಂಡಿದ್ದ ಹಿತ್ತಾಳೆಯ ಟೋಪಿ ಆಗ ಜಾರಿ ನೆಲಕ್ಕೆ ಬಿದ್ದು ಉರುಳಿತು. ಅಪ್ಪನದು. ಈಚೆಗೆ ಸಡಿಲವಾಗುತ್ತಿತ್ತೆಂದು ಬೆರಳಿಗೆ ದಾರ ಸುತ್ತಿಕೊಂಡು ಹಾಕುತ್ತಿದ್ದಳು. ವಯಸ್ಸಾಯಿತು ಎಂದುಕೊಂಡು ಇನ್ನೊಂದು ಸುತ್ತು ಸುತ್ತಿಕೊಂಡಳು.

ತಮ್ಮ ಅದೇ ವಾರ ಮಧ್ಯಾಹ್ನದ ಊಟಕ್ಕೆ ಬಂದ. ಬೀದಿಯಲ್ಲಿ ಅವನ ಹಿಂದೆ ಹತ್ತು ಜನ, ಅವನ ಕೊರಳಲ್ಲಿ ಬಾಡಿದ ಹೂವಿನ ಹಾರ. ಒಳಗೆ ಬಂದವನೇ ಹಾರವನ್ನು ಕೆಂಡಮ್ಮನ ಕೊರಳಿಗೆ ಹಾಕಿದ.

“ನಿಮ್ಮ ಓಟು ನನಗೇ ತಾನೇ?”

“ನೀನು ಗೆದ್ದು ಕೆಂಡದ ಪೆಟ್ಟಿಗೆ ಎತ್ತಿಸಿ ಕರೆಂಟಿನದು ಕೊಡಿಸ್ತೀಯ ಅಂದ್ರೆ ನನ್ನದು ಎರಡು ಓಟು.”

“ಎರಡು ಹಾಕಿದ್ರೆ ಜೈಲಿಗೆ ಹಾಕ್ತಾರೆ.”

“ಎರಡು ನಾಲಗೆ ಇಟ್ಕೊಂಡೋರನ್ನ ಯಾರೂ ಹಾಕಲ್ವಲ್ಲಪ್ಪ!”

ಅವನು ಹೊಟ್ಟೆ ಹಿಡಿದು ನಕ್ಕ. ಹಳೆಯ ನಗೆಯೇ. ಟೈಲರಕ್ಕನ ಜೀವ ಅರ್ಧ ಹಿಂದಕ್ಕೆ ಬಂತು.

ಬೀದಿಗೆಲ್ಲ ಅವನು ಅಚ್ಚುಮೆಚ್ಚಾಗಿದ್ದುದು ಅಪ್ಪನ ಒಂದು ಮಾತಿನಿಂದ. ಟೇಪಿಗೆ ಅಳತೆ ಗೊತ್ತಾಗುತ್ತದೆ, ಸೂಜಿಗೆ ಬಟ್ಟೆ ಗೊತ್ತಾಗುತ್ತದೆ, ಆದರೆ ಉಡುಪು ಮುಗಿಯುವುದು ಬಾಯಿಂದ ಎನ್ನುತ್ತಿದ್ದರು ಅಪ್ಪ. ತೊಡುವವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ‘ಎಲ್ಲಿ ಹಿಡೀತಿದೆ, ಹೇಳಿ’ ಎಂದು ಮೂರು ಸಲ ಕೇಳಬೇಕು. ಮೊದಲನೆಯ ಸಲ ಅವನು ಮರ್ಯಾದೆಗೆ ‘ಎಲ್ಲೂ ಇಲ್ಲ’ ಅನ್ನುತ್ತಾನೆ. ಎರಡನೆಯ ಸಲ ಮನೆಗೆ ಹೋಗುವ ಅವಸರಕ್ಕೆ ‘ಎಲ್ಲೂ ಇಲ್ಲ’ ಅನ್ನುತ್ತಾನೆ. ಮೂರನೆಯ ಸಲ ಅವನ ಮೈ ಮಾತಾಡುತ್ತದೆ. ಅಪ್ಪ ಮೂರು ಸಲ ಕೇಳದೆ ಯಾವ ಉಡುಪನ್ನೂ ಅಂಗಡಿ ದಾಟಿಸಿದವರಲ್ಲ. ತಮ್ಮ ಆ ಮಾತನ್ನೇ ಹಿಡಿದು ಓಟು ಕೇಳುತ್ತಿದ್ದ. ಪ್ರಜೆಯನ್ನು ಐದು ವರ್ಷಕ್ಕೊಮ್ಮೆ ನಿಲ್ಲಿಸಿ ಒಂದೇ ಸಲ ಕೇಳುತ್ತಾರೆ, ಅವನು ಮರ್ಯಾದೆಗೆ ತಲೆಯಾಡಿಸುತ್ತಾನೆ, ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತಾರೆ. ನಾನು ಮೂರು ಸಲ ಕೇಳುತ್ತೇನೆ ಎನ್ನುತ್ತಿದ್ದ. ಹೊರಗಿನವರ ವಿಷಯಕ್ಕೆ ಬಂದರೆ ಅವನ ಮಾತು ಇನ್ನೂ ಚೂಪು: ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು.

ಊಟವಾದ ಮೇಲೆ ಟೈಲರಕ್ಕ ಟೇಪು ತೆಗೆದಳು. “ನಿಲ್ಲು. ಈ ವರ್ಷ ಬರೆದಿಲ್ಲ.”

“ಶಾಲೆ ಬಿಟ್ಟೆನಲ್ಲಕ್ಕ.”

“ನಾನು ಬಿಟ್ಟಿಲ್ಲ.”

ಅವನು ಕೈಗಳನ್ನು ಎತ್ತಿ ನಿಂತ, ಆರು ವರ್ಷದವನ ಹಾಗೆ. ಎದೆ ಮೂವತ್ತೊಂಬತ್ತು. ಅವಳು ಟೇಪನ್ನು ಮತ್ತೆ ಸುತ್ತಿದಳು. ಮೂವತ್ತೊಂಬತ್ತೇ.

“ಎಲ್ಲಿಗೆ ಹೋಗಿದ್ದೆ?”

“ಊರೆಲ್ಲಾ ಸುತ್ತುತ್ತಿದ್ದೀನಿ.”

“ಅತಿಥಿಗೃಹಕ್ಕೆ ಹೋಗಿದ್ಯಾ ಅಂತ ಕೇಳ್ತಿದ್ದೀನಿ.”

ಅವನು ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ, “ಒಂದು ಲೋಟ ಚಹಾ ಅಷ್ಟೇ ಅಕ್ಕ,” ಅಂದ. “ಕರೆದ್ರು, ಹೋದೆ. ತುಂಬ ಒಳ್ಳೆಯವರು. ನಾನು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡ್ರು. ನಾನು ಹೋಗದಿದ್ರೆ ಇನ್ನೊಬ್ಬ ಹೋಗ್ತಾನೆ. ಒಮ್ಮೆ ಒಳಗೆ ಸೇರಿದ್ಮೇಲೆ ನಮ್ಮ ಮಾತು ನಾವು ಆಡಬಹುದು.”

ಟೈಲರಕ್ಕ ಒಳಗಿನಿಂದ ಕಪ್ಪು ತುಂಡನ್ನು ತಂದು ಬೆಳಕಿಗೆ ಹಿಡಿದಳು. ಮೂರು ಸಾಲು ಕಾಜಾಗಳನ್ನು ತೋರಿಸಿದಳು, ಚೀಟಿ ತೋರಿಸಿದಳು, ಅಪ್ಪನ ಕೈಬರಹ ತೋರಿಸಿದಳು. ಅವನು ಬೆರಳಿನಿಂದ ಒಂದೊಂದೇ ಗುರುತನ್ನು ಮುಟ್ಟಿ ನೋಡಿದ. ಅವನ ಮುಖ ಸಣ್ಣಗಾಯಿತು.

“ಹೊಲೀಬೇಡ ಅಂತೀಯಾ?” ಕೇಳಿದಳು. “ಹೇಳು. ಈಗಲೇ ಒಲೆಗೆ ಹಾಕ್ತೀನಿ.”

ಅವನು ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟ. ಹೊರಗೆ ಹತ್ತು ಜನ ಅವನ ಹೆಸರು ಕೂಗಿದರು.

“ಮೂರು ಹೊಲಿದ್ಯಲ್ಲಕ್ಕ,” ಅಂದ ಕೊನೆಗೆ, ಮೆಲ್ಲಗೆ. “ಒಂದು ಸಲನಾದ್ರೂ ಕೇಳಿದ್ಯಾ, ಯಾರಿಗೆ ಅಂತ? ನಾಲ್ಕನೇದಕ್ಕೆ ಮಾತ್ರ ಯಾಕೆ ನ್ಯಾಯ?”

ಬಾಗಿಲ ಹತ್ತಿರ ಹೋಗಿ ತಿರುಗಿ, ಅವಳ ಹೆಗಲ ಮೇಲೆ ಬಿದ್ದಿದ್ದ ದಾರದ ಎಳೆಯೊಂದನ್ನು ತೆಗೆದು ಹೋದ. ಚಿಕ್ಕಂದಿನಿಂದ ಅವನಿಗೆ ಅದು ಅಭ್ಯಾಸ.

ಆಮೇಲಿನ ದಿನಗಳಲ್ಲಿ ಅವನ ಹೆಂಡತಿ ಅಂಗಿಗಳನ್ನು ತರತೊಡಗಿದಳು. “ಸ್ವಲ್ಪ ಹಿಡಿದುಕೊಡಿ ಅಕ್ಕ, ಜೋತಾಡ್ತಿವೆ.” ಅವಳು ತಿಂಡಿಯ ಡಬ್ಬಿಯನ್ನೂ ತರುತ್ತಿದ್ದಳು, ಗಂಡ ತಿನ್ನದೆ ಬಿಟ್ಟದ್ದು. ಹಸಿವಿಲ್ಲ ಎನ್ನುತ್ತಾನೆ, ಕಾಯಿಲೆಯೂ ಅಲ್ಲ, ಡಾಕ್ಟರು ಎಲ್ಲ ಸರಿಯಿದೆ ಎಂದರಂತೆ. ಟೈಲರಕ್ಕ ಹೊಲಿಗೆ ಬಿಚ್ಚಿ ಹಿಡಿದುಕೊಟ್ಟಳು. ಮೂವತ್ತೆಂಟು. ಮುಂದಿನ ವಾರ ಮೂವತ್ತೇಳು. ಪುಸ್ತಕದಲ್ಲಿ ಬರೆಯಲು ಮನಸ್ಸು ಬರಲಿಲ್ಲ, ಬರೆಯದಿರಲೂ ಬರಲಿಲ್ಲ; ಪೆನ್ಸಿಲಿನಲ್ಲಿ ಬರೆದಳು.

ಅವನ ಸಭೆಯೊಂದಕ್ಕೆ ಇಬ್ಬರೂ ಹೋದರು. ಸಂಜೆಯ ಬಿಸಿಲು ಇನ್ನೂ ಇತ್ತು. ಅವನು ಚೆನ್ನಾಗಿಯೇ ಮಾತಾಡಿದ, ಹಿಂದಿಗಿಂತ ಚೆನ್ನಾಗಿ, ಒಂದು ತಡವರಿಕೆಯಿಲ್ಲ. “ಎಲ್ಲಿ ಹಿಡೀತಿದೆ, ಹೇಳಿ!” ಎಂದು ಕೇಳಿದ. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವ ಮುಂಚೆಯೇ ಎರಡನೆಯ ಸಲ ಕೇಳಿದ, ಅದು ಮುಗಿಯುವ ಮುಂಚೆ ಮೂರನೆಯ ಸಲ. ಮುಂದಿನ ಸಾಲಿನಲ್ಲಿ ಮುದುಕಿಯೊಬ್ಬಳು ಕೈ ಎತ್ತಿದ್ದಳು. ಅವಳಿಗೆ ಏನೋ ಹೇಳುವುದಿತ್ತು. ಮೊದಲಾಗಿದ್ದರೆ ಅವನು ಮೈಕು ಹಿಡಿದುಕೊಂಡೇ ಕೆಳಗಿಳಿದು ಅವಳ ಪಕ್ಕ ಕೂರುತ್ತಿದ್ದ. ಈಗ ಅವಳ ತಲೆಯ ಮೇಲಿಂದ ನೋಡುತ್ತ ಮುಂದಿನ ಮಾತಿಗೆ ಹೋದ. ಸಭೆ ಮುಗಿಯುವವರೆಗೂ ಮುದುಕಿ ಕೈ ಇಳಿಸಲಿಲ್ಲ. ಕೊನೆಗೆ ಕೆಂಡಮ್ಮನೇ ಹೋಗಿ ಆ ಕೈಯನ್ನು ಹಿಡಿದು ಇಳಿಸಿ, ಮೊಣಕೈ ಉಜ್ಜಿದಳು.

“ಹೊರಗಿನವರ ಮಾತೇ ಎತ್ತಲಿಲ್ಲ ನೋಡಿದ್ಯಾ?” ಹಿಂದಿರುಗುವಾಗ ಕೆಂಡಮ್ಮ ಅಂದಳು. “ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ನಿನ್ನ ತಮ್ಮ ಅಂತ ಸುಮ್ಮನಿದ್ದೀನಿ.”

“ನಾನೂ ತಿಂದಿದ್ದೀನಲ್ಲೇ,” ಅಂದಳು ಟೈಲರಕ್ಕ. 

ಹೊಲಿಯದೆ ಬಿಟ್ಟರೆ ಬೇರೆ ಯಾರೋ ಹೊಲಿಯುತ್ತಾರೆ. ಸುಟ್ಟರೆ ಇನ್ನೊಂದು ಕೋಟು ಬರುತ್ತದೆ, ಇದಕ್ಕಿಂತ ಸಣ್ಣದು. ಹೊಲಿದರೆ ತಮ್ಮನನ್ನು ತನ್ನ ಕೈಯಾರೆ ಅದರೊಳಗೆ ಕೂಡಿಸಿದ ಹಾಗೆ. ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ ಚಿಂದಿಯ ಪೆಟ್ಟಿಗೆ ತೆಗೆದು, ತಳದಿಂದ ಒಂದು ಹಳೆಯ ನೀಲಿ ಅಂಗಿ ಎಳೆದಳು. ತಮ್ಮ ಮೊದಲ ದಿನ ಪಾಠ ಹೇಳಲು ಹೋದಾಗ ತೊಟ್ಟಿದ್ದು. ಬೆನ್ನಿನಲ್ಲಿ ಸೀಮೆಸುಣ್ಣದ ಗುರುತು ಇನ್ನೂ ಇತ್ತು. ಅದರಿಂದ ಒಂದಿಂಚು ಅಗಲದ ಪಟ್ಟಿ ಕತ್ತರಿಸಿದಳು. ಗಂಟಿನ ಕೆಲಸಕ್ಕೆ ಕತ್ತರಿ ಮುಟ್ಟಬಾರದು ಎಂದಿದ್ದರು, ಇದು ಗಂಟಿನದಲ್ಲ. ಕೋಟಿನ ಎಡ ಪಕ್ಕದಲ್ಲಿ, ಕಂಕುಳಿನಿಂದ ಸೊಂಟದವರೆಗೆ, ಎರಡು ಕಪ್ಪು ಅಂಚುಗಳ ನಡುವೆ ಆ ಪಟ್ಟಿಯನ್ನು ಇಟ್ಟು ಹೊಲಿದಳು. ತೋಳು ಇಳಿಸಿದರೆ ಕಾಣದು. ತೋಳು ಎತ್ತಿದರೆ ಒಂದಿಂಚು ಉಸಿರು.

ಓಟಿಗೆ ಮೂರು ದಿನವಿರುವಾಗ, ಬೆಳಿಗ್ಗೆ ಹತ್ತಕ್ಕೆ, ಕೈಗವಸಿನವನು ಬಂದ. ಬೂಟು ಒರೆಸಿಕೊಂಡ.

“ತೊಡುವವರು ಬಂದು ಒಮ್ಮೆ ಹಾಕಿ ನೋಡಬೇಕು,” ಅಂದಳು ಟೈಲರಕ್ಕ.  “ಅದು ನಮ್ಮ ಅಪ್ಪನ ಪದ್ಧತಿ. ಹಾಕಿ ನೋಡದೆ ಕೊಡೋಕಾಗಲ್ಲ.”

ಅವನು ಕೋಪಿಸಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅವನು ನಕ್ಕ. “ಗೊತ್ತಮ್ಮ. ನೀವು ಈ ಸಲ ಕೇಳ್ತೀರ ಅಂತ ಗೊತ್ತಿತ್ತು. ಅದಕ್ಕೇ ಕರ್ಕೊಂಡೇ ಬಂದೆ.”

ತಮ್ಮ ಅವನ ಬೆನ್ನ ಹಿಂದೆಯೇ ನಿಂತಿದ್ದ. ಅಷ್ಟು ಹೊತ್ತೂ ಕಂಡಿರಲಿಲ್ಲ.

ಅವಳು ಕೋಟನ್ನು ಹಿಡಿದಳು, ಅವನು ತೋಳು ತೂರಿಸಿದ. ಗುಂಡಿಗಳನ್ನು ಅವಳೇ ಹಾಕಿದಳು, ಕೆಳಗಿನಿಂದ ಮೇಲಕ್ಕೆ. ಬಟ್ಟೆ ಮೈಗೆ ಅಂಟಿಕೊಂಡಿತು. ಕನ್ನಡಿಯಲ್ಲಿ ಒಬ್ಬ ಅಚ್ಚುಕಟ್ಟಾದ ಮನುಷ್ಯ ನಿಂತಿದ್ದ, ಹಿಂದಿನ ಮೂವರ ಹಾಗೆಯೇ. ಕೆಂಡಮ್ಮ ಪೆಟ್ಟಿಗೆಯನ್ನು ಎತ್ತಿ ಹಿಡಿದವಳು ಕೆಳಗಿಡುವುದನ್ನು ಮರೆತಿದ್ದಳು.

“ಎಲ್ಲಿ ಹಿಡೀತಿದೆ, ಹೇಳು,” ಅಂದಳು ಟೈಲರಕ್ಕ.

“ಎಲ್ಲೂ ಇಲ್ಲ,” ಅಂದ ತಮ್ಮ ಕನ್ನಡಿಗೆ.

ಅವನ ಎದೆ ಏರುತ್ತಿರಲಿಲ್ಲ. ಅವಳು ಅವನ ಬೆನ್ನ ಮೇಲೆ ಅಂಗೈ ಇಟ್ಟಳು. ಮಗುವಾಗಿದ್ದಾಗ ಕೆಮ್ಮು ಬಂದರೆ ಹೀಗೇ ಇಡುತ್ತಿದ್ದಳು.

“ಎಲ್ಲಿ ಹಿಡೀತಿದೆ, ಹೇಳಪ್ಪ.”

“ಎಲ್ಲೂ ಇಲ್ಲಕ್ಕ. ಸರಿಯಾಗಿದೆ.”

ಅವಳು ಮೂರನೆಯ ಸಲಕ್ಕೆ ಬಾಯಿ ತೆರೆದಳು. ಕೈಗವಸಿನವನು ಗೋಡೆಯ ಗಡಿಯಾರ ನೋಡಿದ ಅಷ್ಟೆ. ತಮ್ಮ ಅದನ್ನು ಕನ್ನಡಿಯಲ್ಲಿ ಕಂಡ. “ಸಾಕು ಅಕ್ಕ,” ಅಂದ. “ಹೊತ್ತಾಯ್ತು.” ಹೊರಟೇ ಬಿಟ್ಟ.

ಟೈಲರಕ್ಕ ಹೊಸ್ತಿಲವರೆಗೆ ಓಡಿದಳು. ಅವನು ಮೆಟ್ಟಿಲು ಇಳಿಯುತ್ತಿದ್ದ.

“ಎಲ್ಲಿ ಹಿಡೀತಿದೆ?” ಅವನ ಬೆನ್ನಿಗೆ ಕೂಗಿ ಕೇಳಿದಳು. ಬೀದಿಯವರೆಲ್ಲ ತಿರುಗಿದರು.

ಅವನು ತಿರುಗಲಿಲ್ಲ. ನಿಂತ. ಬಲಗೈ ಮೆಲ್ಲಗೆ ಎದೆಯನ್ನು ದಾಟಿ ಎಡ ಕಂಕುಳಿಗೆ ಹೋಯಿತು. ಬೆರಳುಗಳು ನೀಲಿ ಪಟ್ಟಿಯನ್ನು ಹುಡುಕಿ, ಅಲ್ಲಿ ಸ್ವಲ್ಪ ಹೊತ್ತು ಇದ್ದವು. ಅವನ ಬೆನ್ನು ಒಮ್ಮೆ, ಒಂದೇ ಒಮ್ಮೆ, ಉಸಿರಿಗೆ ಉಬ್ಬಿದ್ದನ್ನು ಅವಳು ಕಂಡಳು. ಆಮೇಲೆ ಕಾರಿನ ಬಾಗಿಲು ಮುಚ್ಚಿತು.

ಕೈಗವಸಿನವನು ಹಿಂದೆ ಉಳಿದಿದ್ದ. ಅವಳು ಓಡುವಾಗ ಬೆರಳಿನಿಂದ ಜಾರಿ ನೆಲದ ಮೇಲೆ ಉರುಳಿದ್ದ ಹಿತ್ತಾಳೆಯ ಟೋಪಿಯನ್ನು ಹೆಕ್ಕಿ, ಒರೆಸಿ, ಅವಳ ಕೈಗೆ ಕೊಟ್ಟ. ಕೊಡುವಾಗ ಅವನ ಕಣ್ಣು ಅವಳ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಗಿ, ಕೆಳಗಿಳಿದು, ಮತ್ತೆ ಮೇಲೆ ಬಂತು. ನಲವತ್ತು ವರ್ಷ ಜನರನ್ನು ಅವಳೂ ಹೀಗೇ ನೋಡಿದ್ದಳು. ಟೇಪು ಹಿಡಿಯುವ ಮುಂಚಿನ ನೋಟ ಅದು.

“ಆರೋಗ್ಯ ನೋಡಿಕೊಳ್ಳಿ ಅಮ್ಮ,” ಅಂದ. “ನೀವು ಬೇಕು ನಮಗೆ.” ಬೂಟು ಒರೆಸಿಕೊಂಡು ಹೋದ.

ತಮ್ಮ ಗೆದ್ದ. ಬೀದಿಯಲ್ಲಿ ಕುಣಿದರು. ಪ್ರಮಾಣವಚನವನ್ನು ಎದುರಿನ ಅಂಗಡಿಯ ಟಿವಿಯಲ್ಲಿ ನಿಂತು ನೋಡಿದರು. ಕೋಟು ಚರ್ಮದ ಹಾಗೆ ಕೂತಿದೆ, ಯಾರ ಕೈ ಅಂತ ಕೇಳಿ ಎಂದರು ಯಾರೋ, ಹೆಮ್ಮೆಯಿಂದ. ಟೈಲರಕ್ಕ ಅವನ ಎಡ ತೋಳನ್ನೇ ನೋಡುತ್ತಿದ್ದಳು. ಬಲಗೈ ಎತ್ತಿ ಮಾತು ಕೊಡುತ್ತಿದ್ದಷ್ಟು ಹೊತ್ತೂ ಅವನು ಎಡ ತೋಳನ್ನು ಪಕ್ಕಕ್ಕೆ ಒತ್ತಿ ಹಿಡಿದಿದ್ದ. ಪಟ್ಟಿ ಕಾಣದಿರಲಿ ಎಂದೋ, ಯಾರೂ ಕಿತ್ತುಕೊಳ್ಳದಿರಲಿ ಎಂದೋ, ಅವಳಿಗೆ ಹೇಳಲಾಗಲಿಲ್ಲ.

ಮನೆಗೆ ಬಂದು ಪುಸ್ತಕ ತೆರೆದಳು. ಅವನ ಪುಟದಲ್ಲಿ ಮೂವತ್ತಾರು ಎಂದು ಪೆನ್ಸಿಲಿನಲ್ಲಿ ಬರೆದಳು. ಬೆರಳಿನ ಟೋಪಿ ಮತ್ತೆ ಜಾರಿ ಪುಟದ ಮೇಲೆ ಬಿತ್ತು.

“ಅಕ್ಕಾ,” ಅಂದಳು ಕೆಂಡಮ್ಮ. ಅವಳ ದನಿ ಬೇರೆಯಾಗಿತ್ತು. “ಸ್ವಲ್ಪ ಎದ್ದು ನಿಲ್ಲು.”

“ಯಾಕೇ?”

“ನಿಲ್ಲು ಅಂದೆ.”

ಕೆಂಡಮ್ಮ ಟೇಪು ತೆಗೆದುಕೊಂಡಳು. ಅವಳಿಗೆ ಟೇಪು ಹಿಡಿಯಲು ಸರಿಯಾಗಿ ಬರುತ್ತಿರಲಿಲ್ಲ. ತಿರುಚಿ ಹಿಡಿದು, ಮತ್ತೆ ನೇರ ಮಾಡಿ, ಟೈಲರಕ್ಕನ ಮೈಗೆ ಸುತ್ತಿದಳು. ಪುಸ್ತಕದ ಮೊದಲ ಪುಟದಲ್ಲಿ ಅಪ್ಪ ಬರೆದಿಟ್ಟ ಮಗಳ ಅಳತೆ ಇತ್ತು. ಅದರ ಕೆಳಗೆ ಹದಿನೈದು ವರ್ಷದ ಹಿಂದೆ, ಮೊದಲ ಗಂಟು ಬರುವ ಮುಂಚೆ, ಅವಳೇ ಬರೆದುಕೊಂಡದ್ದು. ಕೆಂಡಮ್ಮ ಆ ಸಾಲನ್ನು ನೋಡಿದಳು, ಟೇಪನ್ನು ನೋಡಿದಳು. ಅಂಕಿ ಹೇಳಲಿಲ್ಲ. ಟೇಪನ್ನು ಅಲ್ಲೇ ಬಿಟ್ಟು ಕನ್ನಡಿಯ ಮುಂದೆ ಟೈಲರಕ್ಕನನ್ನು ನಿಲ್ಲಿಸಿ, ಹಿಂದೆ ನಿಂತು, ಎರಡು ಹೆಗಲ ಮೇಲೂ ಬೆಚ್ಚನೆಯ ಕೈ ಇಟ್ಟಳು.

“ಎಲ್ಲಿ ಹಿಡೀತಿದೆ, ಹೇಳಕ್ಕ.”

“ಥೂ, ನಿನ್ನ ತಮಾಷೆ. ಎಲ್ಲೂ ಇಲ್ಲ.”

“ಎಲ್ಲಿ ಹಿಡೀತಿದೆ?”

“ಎಲ್ಲೂ ಇಲ್ಲ ಕಣೇ. ಬಿಡು, ಕೆಲಸ ಇದೆ.”

ಕೆಂಡಮ್ಮ ಬಿಡಲಿಲ್ಲ. ಎದುರಂಗಡಿಯ ಟಿವಿಯಲ್ಲಿ ಇನ್ನೂ ಚಪ್ಪಾಳೆ ಕೇಳುತ್ತಿತ್ತು. ಅದು ನಿಲ್ಲುವವರೆಗೂ ಕಾದಳು. ಮೂರನೆಯ ಸಲ ಬಹಳ ಮೆಲ್ಲಗೆ ಕೇಳಿದಳು.

ಟೈಲರಕ್ಕ ಕನ್ನಡಿ ನೋಡಿದಳು. ಅಚ್ಚುಕಟ್ಟಾದ, ಸಣ್ಣ ಹೆಂಗಸೊಬ್ಬಳು ಅಲ್ಲಿದ್ದಳು. ಅವಳ ಬಲಗೈ ತಾನಾಗಿಯೇ ಎದ್ದು, ಗಂಟಲ ಬುಡದಲ್ಲಿ, ಎರಡು ಎಲುಬು ಕೂಡುವ ಗುಳಿಯ ಮೇಲೆ ನಿಂತಿತು.

“ಇಲ್ಲಿ,” ಅಂದಳು. “ಮೊದಲನೇ ಕೋಟು ಹೊಲಿದಾಗಿಂದ. ಯಾರಿಗೆ ಅಂತ ಕೇಳಬೇಕು ಅನ್ನಿಸಿತ್ತು ಕಣೇ. ಬಾಯಿವರೆಗೂ ಬಂದಿತ್ತು. ಇಲ್ಲೇ ಇದೆ.”

ಕೆಂಡಮ್ಮ ಅಲ್ಲಿ ತನ್ನ ಕೈ ಇಟ್ಟಳು.  ಸ್ವಲ್ಪ ಹೊತ್ತಿನ ಮೇಲೆ ಬಾಗಿಲಾಚೆ, ಗೋಣಿತಾಟಿನ ಮೇಲೆ, ಯಾರೋ ಬೂಟು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಎಡಗಾಲು ಮೂರು ಸಲ. ಬಲಗಾಲು ಮೂರು ಸಲ.

ಮುಂದಿನ ಚುನಾವಣೆಗೆ ಇನ್ನೂ ಐದು ವರ್ಷವಿತ್ತು.

ಟೈಲರಕ್ಕ ಮೇಜಿನ ಮೇಲಿಂದ ಅಪ್ಪನ ಕತ್ತರಿ ತೆಗೆದುಕೊಂಡಳು. “ಒಳಗೆ ಬನ್ನಿ,” ಅಂದಳು, ಬಾಗಿಲಿನತ್ತ ತಿರುಗಿ. “ಮೊದಲು ಹೇಳಿ, ಯಾರಿಗೆ?”